ಕ್ಲೌಡ್ ಸಂಗ್ರಹದ ತಂತ್ರಾಂಶ: ಪೂರ್ಣವಾಗಿ ತೆಗೆಯುವ ಮತ್ತು ಮರಳಿ ಸ್ಥಾಪಿಸುವ ಕ್ರಮ

ವಿಷಯ: ಮಾಹಿತಿ ಸಂವಹನ ತಂತ್ರಜ್ಞಾನ (ಅಧ್ಯಾಪಕರ ಸ್ವಾಧ್ಯಯನಕ್ಕೆ, 8, 9 ಮತ್ತು 10ನೆಯ ತರಗತಿಗಳ ಬಳಕೆಗೆ)
ಅವಧಿ: ಸ್ವಾಧ್ಯಯನಕ್ಕೆ 2 ಗಂಟೆ, ತರಗತಿಯಲ್ಲಿ 2 ಪಿರಿಯಡ್
ಸಾಮಗ್ರಿ: ಉಬುಂಟು ಆಧಾರಿತ ಕಾರ್ಯಾಚರಣ ವ್ಯವಸ್ಥೆಯುಳ್ಳ ಒಂದು ಕಂಪ್ಯೂಟರ್, ಇಂಟರ್‌ನೆಟ್ ಸಂಪರ್ಕ, 8 ಜಿಬಿ ಅಥವಾ ಅದಕ್ಕಿಂತ ಹೆಚ್ಚಿನ ಒಂದು ಪೆನ್‌ಡ್ರೈವ್, ಗಟ್ಟಿ ಕಾಗದದ ಚೀಟಿಗಳು

ಕಲಿಕಾ ಸಾಧನೆಗಳು

• ಕ್ಲೌಡ್ ಸಂಗ್ರಹದ ತಂತ್ರಾಂಶ, ಅದರ ಹೊಂದಾಣಿಕೆಗಳು, ಬಳಕೆದಾರರ ಫೈಲುಗಳು ಮತ್ತು ಖಾತೆಯ ದಾಖಲೆ ಇವು ಬೇರೆ ಬೇರೆ ಎಂಬುದನ್ನು ವಿವರಿಸುವರು.
• ಒಂದು ಕಂಪ್ಯೂಟರಿನಲ್ಲಿ ಅಳಿಸಿದ ಫೈಲ್ ಇನ್ನೊಂದರಿಂದಲೂ ಅಳಿದುಹೋಗುವ ಕಾರಣವನ್ನು ತಿಳಿಸುವರು.
• ಫೈಲುಗಳಿಗೆ ಹಾನಿಯಾಗದಂತೆ ತಂತ್ರಾಂಶವನ್ನು ತೆಗೆದು ಮರಳಿ ಸ್ಥಾಪಿಸುವರು.
• ಮರುಸ್ಥಾಪನೆಯ ಬಳಿಕ ಎಲ್ಲ ಫೈಲುಗಳೂ ಸರಿಯಾಗಿವೆಯೇ ಎಂಬುದನ್ನು ಪರೀಕ್ಷಿಸುವರು.

ಪೀಠಿಕೆ

ಕಾಸರಗೋಡು ಮತ್ತು ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಅಧ್ಯಾಪಕರ ಸ್ಥಿತಿಯು ಒಂದು ವಿಷಯದಲ್ಲಿ ಇತರರಿಗಿಂತ ಭಿನ್ನವಾಗಿದೆ. ಇಲ್ಲಿ ಪಠ್ಯಕ್ರಮ ಕೇರಳದ್ದು, ಕಲಿಕೆಯ ಭಾಷೆ ಕನ್ನಡ. ಕರ್ನಾಟಕದಲ್ಲಿ ಅಚ್ಚಾಗುವ ಅಭ್ಯಾಸ ಪುಸ್ತಕಗಳು ಭಾಷೆಯಿಂದ ಹೊಂದಿದರೂ ಪಠ್ಯಕ್ರಮದಿಂದ ಹೊಂದುವುದಿಲ್ಲ; ಕೇರಳದಲ್ಲಿ ದೊರೆಯುವ ಮಾರ್ಗದರ್ಶಿಗಳು ಪಠ್ಯಕ್ರಮದಿಂದ ಹೊಂದಿದರೂ ಬಹುಪಾಲು ಮಲಯಾಳದಲ್ಲಿ ಇಲ್ಲವೇ ಇಂಗ್ಲಿಷಿನಲ್ಲಿರುತ್ತವೆ. ಈ ಎಡೆಯನ್ನು ತುಂಬುವವರು ಅಧ್ಯಾಪಕರೇ. ಮಾದರಿ ಪ್ರಶ್ನೆಪತ್ರಿಕೆ, ಅಭ್ಯಾಸ ಹಾಳೆ, ನಕ್ಷೆಗೆ ಬರೆದ ಕನ್ನಡ ಹೆಸರುಗಳು, ಪಾಠಯೋಜನೆ ಮುಂತಾದವು ರಾತ್ರಿ ಕುಳಿತು ಟೈಪು ಮಾಡಿದ ಫೈಲುಗಳಾಗಿ ಕೆಲವೇ ಕಂಪ್ಯೂಟರುಗಳಲ್ಲಿ ಇರುತ್ತವೆ. ಅವನ್ನು ಸಹೋದ್ಯೋಗಿಗಳೊಡನೆ ಹಂಚಿಕೊಳ್ಳುವುದಕ್ಕಾಗಿ ಹಲವರು ಕ್ಲೌಡ್ ಸಂಗ್ರಹವನ್ನು ಬಳಸುತ್ತಾರೆ. ಅಂಗಡಿಯಲ್ಲಿ ಮತ್ತೆ ಕೊಳ್ಳಲು ದೊರೆಯದ ಈ ಸಾಮಗ್ರಿ ಒಮ್ಮೆ ಕಳೆದರೆ ಮತ್ತೊಮ್ಮೆ ಮೊದಲಿನಿಂದ ಬರೆಯುವುದೊಂದೇ ದಾರಿ.

ಕ್ಲೌಡ್ ಸಂಗ್ರಹದ ತಂತ್ರಾಂಶವು ಕೆಲವೊಮ್ಮೆ ಕೆಡುತ್ತದೆ. ಫೈಲುಗಳು ಮೇಲೇರುವುದಿಲ್ಲ, ಚಿಹ್ನೆ ಕಾಣಿಸುವುದಿಲ್ಲ, ಅಥವಾ ಕಂಪ್ಯೂಟರಿನಲ್ಲಿ ಹಿಂದಿನ ಅಧ್ಯಾಪಕರ ಖಾತೆಯೇ ಉಳಿದಿರುತ್ತದೆ. ಆಗ 'ತೆಗೆದು ಮತ್ತೆ ಹಾಕಿ' ಎಂಬ ಸಲಹೆ ಬರುತ್ತದೆ. ಸಲಹೆ ಸರಿಯಾದುದೇ. ಆದರೆ ಏನನ್ನು ತೆಗೆಯಬೇಕು, ಏನನ್ನು ತೆಗೆಯಬಾರದು, ಯಾವುದು ಮೊದಲು, ಯಾವುದು ಅನಂತರ ಎಂಬ ಕ್ರಮವನ್ನು ಅರಿಯದೆ ಮಾಡಿದರೆ ಕೆಟ್ಟ ತಂತ್ರಾಂಶದೊಡನೆ ಒಳ್ಳೆಯ ಫೈಲುಗಳೂ ಹೋಗುತ್ತವೆ. ಆ ಕ್ರಮವೇ ಈ ಪಾಠದ ವಿಷಯ.

ನಮ್ಮ ಶಾಲೆಗಳ ಕಂಪ್ಯೂಟರುಗಳಲ್ಲಿ ಉಬುಂಟು ಆಧಾರಿತ ವ್ಯವಸ್ಥೆಯಿರುವುದರಿಂದ, ಉಬುಂಟುವಿಗೂ ವಿಂಡೋಸಿಗೂ ಅಧಿಕೃತ ತಂತ್ರಾಂಶ ಒದಗಿಸುವ ಡ್ರಾಪ್‌ಬಾಕ್ಸನ್ನು ಇಲ್ಲಿ ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದೆ. ಗೂಗಲ್ ಡ್ರೈವ್ ಮತ್ತು ಒನ್‌ಡ್ರೈವ್‌ಗಳಲ್ಲಿ ಗಮನಿಸಬೇಕಾದ ವಿಶೇಷಗಳನ್ನು ಬೇರೆಯಾಗಿ ಹೇಳಿದೆ.

1. ನಾಲ್ಕು ಅಂಗಗಳು

ಕ್ಲೌಡ್ ಸಂಗ್ರಹವನ್ನು ನಾವು ಒಂದೇ ವಸ್ತುವೆಂಬಂತೆ ಕಾಣುತ್ತೇವೆ. ವಾಸ್ತವವಾಗಿ ಅದಕ್ಕೆ ನಾಲ್ಕು ಅಂಗಗಳಿವೆ.

ಒಂದು, ತಂತ್ರಾಂಶ. ಇದು ಹಿನ್ನೆಲೆಯಲ್ಲಿ ಸದಾ ಓಡುತ್ತ, ಕಂಪ್ಯೂಟರಿನ ಫೋಲ್ಡರಿಗೂ ದೂರದ ಸರ್ವರಿಗೂ ನಡುವೆ ಓಲೆಕಾರನಂತೆ ಕೆಲಸ ಮಾಡುತ್ತದೆ.

ಎರಡು, ತಂತ್ರಾಂಶದ ನೆನಪು. ಯಾವ ಖಾತೆ, ಯಾವ ಫೋಲ್ಡರ್, ಯಾವ ಫೈಲನ್ನು ಎಲ್ಲಿಯವರೆಗೆ ಕಳುಹಿಸಿದ್ದಾಗಿದೆ ಎಂಬ ವಿವರಗಳು ಕಣ್ಣಿಗೆ ಕಾಣದ ಫೋಲ್ಡರಿನಲ್ಲಿರುತ್ತವೆ. ತಂತ್ರಾಂಶವನ್ನು ತೆಗೆದರೂ ಈ ನೆನಪು ಸಾಮಾನ್ಯವಾಗಿ ಉಳಿಯುತ್ತದೆ. ಮತ್ತೆ ಸ್ಥಾಪಿಸಿದಾಗ ಹಳೆಯ ದೋಷವೇ ಮರಳಿ ಕಾಣಿಸಲು ಅನೇಕ ಸಲ ಇದೇ ಕಾರಣ.

ಮೂರು, ಫೈಲುಗಳು. ಇವು ನಮ್ಮವು. ತಂತ್ರಾಂಶಕ್ಕೆ ಸೇರಿದವಲ್ಲ.

ನಾಲ್ಕು, ಖಾತೆಯಲ್ಲಿರುವ ದಾಖಲೆ. ಈ ಕಂಪ್ಯೂಟರ್ ಈ ಖಾತೆಗೆ ಸೇರಿದೆ ಎಂಬ ಹೆಸರು ಸರ್ವರಿನ ಪಟ್ಟಿಯಲ್ಲಿರುತ್ತದೆ.

ಇದನ್ನು ವಿದ್ಯಾರ್ಥಿಗಳಿಗೆ ಶಾಲೆಯ ಉದಾಹರಣೆಯಿಂದಲೇ ತಿಳಿಸಬಹುದು. ಒಬ್ಬ ವಿದ್ಯಾರ್ಥಿ ಬೇರೆ ಶಾಲೆಗೆ ಹೋಗುತ್ತಾನೆ. ಅವನು ಬೆಂಚಿನಿಂದ ಎದ್ದು ಹೋದ ಮಾತ್ರಕ್ಕೆ ಕೆಲಸ ಮುಗಿಯುವುದಿಲ್ಲ. ಹಾಜರಿ ಪುಸ್ತಕದಲ್ಲಿ ಹೆಸರಿದೆ. ವರ್ಗಾವಣೆ ಪತ್ರ ಕೊಟ್ಟು ಅದನ್ನು ತೆಗೆಯಬೇಕು. ಅವನ ಪುಸ್ತಕದ ಚೀಲ ಅವನದು. ಅದನ್ನು ಕಸದ ಬುಟ್ಟಿಗೆ ಹಾಕುವಂತಿಲ್ಲ. ತಂತ್ರಾಂಶವನ್ನು ಅಳಿಸುವುದೆಂದರೆ ಬೆಂಚನ್ನು ತೆರವು ಮಾಡಿದಂತೆ. ಖಾತೆಯ ಸಂಬಂಧ ಕಡಿಯುವುದು ವರ್ಗಾವಣೆ ಪತ್ರ ಕೊಟ್ಟಂತೆ. ಚೀಲವನ್ನು ಮಾತ್ರ ಎರಡು ಸಂದರ್ಭಗಳಲ್ಲಿಯೂ ಜೋಪಾನ ಮಾಡಬೇಕು.

2. ಅಳಿಸುವಿಕೆ ಹರಡುವ ಬಗೆ

ಸಿಂಕ್ ಎಂದರೆ ಎರಡೂ ಕಡೆಗಳನ್ನು ಸಮನಾಗಿಡುವುದು. ಹೊಸ ಫೈಲ್ ಸೇರಿದರೆ ಅದು ಎಲ್ಲೆಡೆಗೂ ಹೋಗುತ್ತದೆ. ತಿದ್ದಿದರೆ ತಿದ್ದುಪಡಿ ಹೋಗುತ್ತದೆ. ಅದೇ ನ್ಯಾಯದಿಂದ, ಅಳಿಸಿದರೆ ಅಳಿಸುವಿಕೆಯೂ ಹೋಗುತ್ತದೆ. ಸಿಂಕ್ ಆಗುವ ಫೋಲ್ಡರ್ ಬ್ಯಾಕಪ್ ಅಲ್ಲ ಎನ್ನುವುದು ಇದರಿಂದಲೇ.

ಒಂದು ಸಂದರ್ಭವನ್ನು ಕಲ್ಪಿಸಿಕೊಳ್ಳೋಣ. ಗಣಿತದ ಅಧ್ಯಾಪಿಕೆಯೊಬ್ಬರು ವರ್ಗಾವಣೆಯಾಗಿ ಬೇರೆ ಶಾಲೆಗೆ ಹೋಗುತ್ತಾರೆ. ಹಳೆಯ ಶಾಲೆಯ ಕಂಪ್ಯೂಟರಿನಲ್ಲಿ ಅವರ ಡ್ರಾಪ್‌ಬಾಕ್ಸ್ ಖಾತೆ ಹಾಗೆಯೇ ಉಳಿದಿದೆ. ಹೊಸದಾಗಿ ಬಂದ ಅಧ್ಯಾಪಕರು ಬೇಸಗೆ ರಜೆಗೆ ಮುನ್ನ ಕಂಪ್ಯೂಟರನ್ನು ಶುಚಿಗೊಳಿಸುವಾಗ, ಹಿಂದಿನವರ ಫೈಲುಗಳು ಇನ್ನೇಕೆ ಎಂದು ಆ ಫೋಲ್ಡರಿನಲ್ಲಿದ್ದುದನ್ನೆಲ್ಲ ಅಳಿಸುತ್ತಾರೆ. ತಂತ್ರಾಂಶ ಓಡುತ್ತಿದ್ದುದರಿಂದ ಆ ಆದೇಶ ಸರ್ವರಿಗೂ, ಅಲ್ಲಿಂದ ಅಧ್ಯಾಪಿಕೆಯ ಹೊಸ ಶಾಲೆಯ ಕಂಪ್ಯೂಟರಿಗೂ ತಲುಪುತ್ತದೆ. ತಿದ್ದುವ ಅಧಿಕಾರದೊಡನೆ ಹಂಚಿಕೊಂಡ ಫೋಲ್ಡರುಗಳಿದ್ದರೆ ಅವುಗಳೊಳಗಿನ ಫೈಲುಗಳು ಇತರ ಸದಸ್ಯರಿಂದಲೂ ಮರೆಯಾಗುತ್ತವೆ. ಅಲ್ಲಿ ಯಾರದೂ ದುರುದ್ದೇಶವಿಲ್ಲ.

ಡ್ರಾಪ್‌ಬಾಕ್ಸಿನ ಉಚಿತ ಖಾತೆಯಲ್ಲಿ ಅಳಿಸಿದ ಫೈಲುಗಳನ್ನು 30 ದಿನಗಳೊಳಗೆ ಜಾಲತಾಣದ ಮೂಲಕ ಮರಳಿ ಪಡೆಯಬಹುದು. ಆದರೆ ನಮ್ಮ ಬೇಸಗೆ ರಜೆ ಏಪ್ರಿಲ್ ಮತ್ತು ಮೇ ತಿಂಗಳುಗಳನ್ನು ವ್ಯಾಪಿಸಿರುತ್ತದೆ. ಮಾರ್ಚ್ ಕೊನೆಗೆ ಅಳಿದುದನ್ನು ಜೂನಿನಲ್ಲಿ ಶಾಲೆ ತೆರೆದಾಗ ಗಮನಿಸಿದರೆ ಆ ಅವಧಿ ಮೀರಿರುತ್ತದೆ. ಆದ್ದರಿಂದ ಶಾಲಾ ಕಂಪ್ಯೂಟರಿನ ಶುಚಿಗೊಳಿಸುವಿಕೆಯನ್ನು ರಜೆಯ ಹಿಂದಿನ ದಿನಕ್ಕೆ ಇಟ್ಟುಕೊಳ್ಳದಿರುವುದು ಒಳಿತು.

ಇಲ್ಲಿ ಇನ್ನೊಂದು ಸೂಕ್ಷ್ಮವಿದೆ. ತಂತ್ರಾಂಶವನ್ನು ನಿಲ್ಲಿಸುವುದು ಬೇರೆ, ಖಾತೆಯ ಸಂಬಂಧವನ್ನು ಕಡಿಯುವುದು ಬೇರೆ. ತಂತ್ರಾಂಶವನ್ನು ಕೇವಲ ನಿಲ್ಲಿಸಿ, ಫೋಲ್ಡರಿನೊಳಗಿನ ಫೈಲುಗಳನ್ನು ಅಳಿಸಿದರೆ, ಮುಂದಿನ ಸಲ ತಂತ್ರಾಂಶ ಆರಂಭವಾದಾಗ ಅದು ವ್ಯತ್ಯಾಸವನ್ನು ಕಂಡು ಆ ಅಳಿಸುವಿಕೆಯನ್ನು ಸರ್ವರಿಗೆ ಒಪ್ಪಿಸುತ್ತದೆ. ಓಲೆಕಾರ ನಿದ್ರಿಸಿದ್ದನೇ ಹೊರತು ಕೆಲಸ ಬಿಟ್ಟಿರಲಿಲ್ಲ. ಸಂಬಂಧ ಕಡಿದ ಮೇಲೆ ಮಾತ್ರ ಕಂಪ್ಯೂಟರಿನ ಫೋಲ್ಡರ್ ಒಂದು ಸಾಮಾನ್ಯ ಫೋಲ್ಡರ್ ಆಗುತ್ತದೆ.

3. ತೆಗೆಯುವ ಮುನ್ನ

ಕೆಳಗಿನ ಐದು ಕೆಲಸಗಳು ಮುಗಿಯದೆ ಯಾವುದನ್ನೂ ತೆಗೆಯಬಾರದು.

(ಅ) ಬ್ರೌಸರಿನ ಮೂಲಕ ಡ್ರಾಪ್‌ಬಾಕ್ಸ್ ಜಾಲತಾಣಕ್ಕೆ ಲಾಗಿನ್ ಆಗಿ ನೋಡಬೇಕು. ಪಾಸ್‌ವರ್ಡ್ ನೆನಪಿದೆಯೇ, ಎರಡು ಹಂತದ ಪರಿಶೀಲನೆಯಿದ್ದರೆ ಸಂಕೇತ ಬರುವ ಮೊಬೈಲ್ ಸಂಖ್ಯೆ ಈಗಲೂ ಬಳಕೆಯಲ್ಲಿದೆಯೇ ಎಂಬುದು ಇದರಿಂದ ತಿಳಿಯುತ್ತದೆ. ಗಡಿಯ ಆಚೀಚೆ ಓಡಾಡುವವರು ಸಿಮ್ ಬದಲಾಯಿಸಿ ಹಳೆಯ ಸಂಖ್ಯೆಯನ್ನೇ ಖಾತೆಯಲ್ಲಿ ಬಿಟ್ಟಿರುವ ಸಾಧ್ಯತೆಯುಂಟು.

(ಆ) ಸಿಂಕ್ ಪೂರ್ಣವಾಗಿದೆಯೇ ಎಂಬುದನ್ನು ನೋಡಬೇಕು. ಚಿಹ್ನೆಯ ಮೇಲೆ ಕ್ಲಿಕ್ಕಿಸಿದಾಗ ಎಲ್ಲವೂ ಹೊಸದಾಗಿದೆ ಎಂಬ ಅರ್ಥದ ಸಂದೇಶ ಕಾಣಬೇಕು. ದೋಷದಿಂದಾಗಿ ಸಿಂಕ್ ನಿಂತಿದ್ದರೆ, ಇತ್ತೀಚೆಗೆ ತಿದ್ದಿದ ಫೈಲುಗಳು ಈ ಕಂಪ್ಯೂಟರಿನಲ್ಲಿ ಮಾತ್ರ ಇರಬಹುದು.

(ಇ) ಡ್ರಾಪ್‌ಬಾಕ್ಸ್ ಫೋಲ್ಡರನ್ನು ಇಡಿಯಾಗಿ ಪೆನ್‌ಡ್ರೈವಿಗೆ ನಕಲು ಮಾಡಬೇಕು. 'ಕಟ್' ಬಳಸಬಾರದು, 'ಕಾಪಿ' ಮಾತ್ರ ಬಳಸಬೇಕು. ಕಟ್ ಮಾಡಿ ಒಯ್ದರೆ ತಂತ್ರಾಂಶದ ದೃಷ್ಟಿಯಲ್ಲಿ ಅದು ಅಳಿಸಿದಂತೆಯೇ. ಉಚಿತ ಖಾತೆಯ ಮಿತಿ 2 ಜಿಬಿ ಆದುದರಿಂದ ಸಾಧಾರಣ ಪೆನ್‌ಡ್ರೈವ್ ಸಾಕು.

(ಈ) ನಕಲಿನ ಎರಡು ಮೂರು ಫೈಲುಗಳನ್ನು ತೆರೆದು ನೋಡಬೇಕು. ಬಳಿಕ ಮೂಲ ಫೋಲ್ಡರಿನ ಮೇಲೆ ಬಲಕ್ಲಿಕ್ಕಿಸಿ 'ಪ್ರಾಪರ್ಟೀಸ್'ನಲ್ಲಿ ಕಾಣುವ ಫೈಲುಗಳ ಸಂಖ್ಯೆ ಮತ್ತು ಗಾತ್ರವನ್ನು ಬರೆದಿಟ್ಟುಕೊಳ್ಳಬೇಕು.

(ಉ) ಖಾತೆ ಬೇರೆಯವರದಾಗಿದ್ದರೆ ಅವರಿಗೆ ಫೋನು ಮಾಡಿ ತಿಳಿಸಿ, ಅವರ ಒಪ್ಪಿಗೆ ಪಡೆದು ಮುಂದುವರಿಯಬೇಕು. ಅಂಕಪಟ್ಟಿಗಳೂ ವಿದ್ಯಾರ್ಥಿಗಳ ವೈಯಕ್ತಿಕ ವಿವರಗಳೂ ಅದರಲ್ಲಿರಬಹುದಾದ್ದರಿಂದ ಫೈಲುಗಳನ್ನು ತೆರೆದು ನೋಡುವುದು ಉಚಿತವಲ್ಲ.

4. ಉಬುಂಟುವಿನಲ್ಲಿ ತೆಗೆಯುವ ಕ್ರಮ

ಟರ್ಮಿನಲ್ಲಿನ ಆದೇಶಗಳನ್ನು ಇಲ್ಲಿ ಉಚ್ಚಾರಣೆಗನುಸಾರ ಕನ್ನಡದಲ್ಲಿ ಬರೆದಿದೆ. ಕಂಪ್ಯೂಟರಿನಲ್ಲಿ ಅವನ್ನು ಇಂಗ್ಲಿಷಿನ ಸಣ್ಣಕ್ಷರಗಳಲ್ಲಿ ಟೈಪಿಸಬೇಕು.

ಹಂತ 1: ಸಂಬಂಧ ಕಡಿಯುವುದು. ಮೇಲಿನ ಪಟ್ಟಿಯಲ್ಲಿರುವ ಡ್ರಾಪ್‌ಬಾಕ್ಸ್ ಚಿಹ್ನೆಯಿಂದ 'ಪ್ರಿಫರೆನ್ಸಸ್' ತೆರೆದು, 'ಅಕೌಂಟ್' ವಿಭಾಗದಲ್ಲಿ 'ಅನ್‌ಲಿಂಕ್' ಎಂಬುದನ್ನು ಆರಿಸಬೇಕು. ಚಿಹ್ನೆಯೇ ಕಾಣದಿದ್ದರೆ ಬ್ರೌಸರಿನ ಮೂಲಕ ಖಾತೆಗೆ ಹೋಗಿ, 'ಸೆಟ್ಟಿಂಗ್ಸ್'ನ 'ಸೆಕ್ಯುರಿಟಿ' ಪುಟದಲ್ಲಿರುವ ಸಾಧನಗಳ ಪಟ್ಟಿಯಿಂದ ಈ ಕಂಪ್ಯೂಟರಿನ ಹೆಸರನ್ನು ತೆಗೆಯಬೇಕು. ಉಚಿತ ಖಾತೆಗೆ ಮೂರು ಸಾಧನಗಳನ್ನು ಮಾತ್ರ ಜೋಡಿಸಬಹುದಾದ್ದರಿಂದ, ಬಳಕೆ ತಪ್ಪಿದ ಕಂಪ್ಯೂಟರುಗಳ ಹೆಸರು ಪಟ್ಟಿಯಲ್ಲಿ ಉಳಿದರೆ ಹೊಸದಕ್ಕೆ ಎಡೆಯಿರುವುದಿಲ್ಲ.

ಹಂತ 2: ನಿಲ್ಲಿಸುವುದು. ಚಿಹ್ನೆಯ ಪಟ್ಟಿಯಿಂದ 'ಕ್ವಿಟ್' ಆರಿಸಬೇಕು, ಇಲ್ಲವೇ ಟರ್ಮಿನಲ್ ತೆರೆದು 'ಡ್ರಾಪ್‌ಬಾಕ್ಸ್ ಸ್ಟಾಪ್' ಎಂಬ ಆದೇಶ ಕೊಡಬೇಕು. ಬಳಿಕ 'ಡ್ರಾಪ್‌ಬಾಕ್ಸ್ ಸ್ಟೇಟಸ್' ಎಂದು ಕೇಳಿದಾಗ, ತಂತ್ರಾಂಶ ಓಡುತ್ತಿಲ್ಲ ಎಂಬ ಉತ್ತರ ಬರಬೇಕು.

ಹಂತ 3: ಫೋಲ್ಡರಿನ ಹೆಸರು ಬದಲಾಯಿಸುವುದು. ಹೋಮ್ ಫೋಲ್ಡರಿನಲ್ಲಿ ಕಾಣುವ ಡ್ರಾಪ್‌ಬಾಕ್ಸ್ ಫೋಲ್ಡರಿಗೆ 'ಹಳೆಯ ಸಂಗ್ರಹ' ಎಂದೋ ಬೇರೇನಾದರೂ ಹೆಸರೋ ಕೊಡಬೇಕು. ಇದು ಪೆನ್‌ಡ್ರೈವಿನ ಜೊತೆಗೆ ಎರಡನೆಯ ಪ್ರತಿಯಾಗಿ ಉಳಿಯುತ್ತದೆ. ಹಂತ 1 ಮುಗಿಯದೆ ಈ ಹಂತಕ್ಕೆ ಹೋಗಬಾರದು.

ಹಂತ 4: ಪ್ಯಾಕೇಜನ್ನು ತೆಗೆಯುವುದು. ಸಿನಾಪ್ಟಿಕ್ ಪ್ಯಾಕೇಜ್ ಮ್ಯಾನೇಜರ್ ಇದ್ದಲ್ಲಿ ಅದರಲ್ಲಿ ಡ್ರಾಪ್‌ಬಾಕ್ಸ್ ಎಂದು ಹುಡುಕಿ, 'ಮಾರ್ಕ್ ಫಾರ್ ಕಂಪ್ಲೀಟ್ ರಿಮೂವಲ್' ಆರಿಸಿ, 'ಅಪ್ಲೈ' ಒತ್ತಬೇಕು. ಟರ್ಮಿನಲ್ಲಿನಲ್ಲಾದರೆ 'ಸುಡೊ ಆಪ್ಟ್ ಪರ್ಜ್ ಡ್ರಾಪ್‌ಬಾಕ್ಸ್' ಎಂಬ ಆದೇಶ. ಉಬುಂಟುವಿನ ಭಂಡಾರದಿಂದ ಸ್ಥಾಪಿಸಿದ್ದರೆ ಪ್ಯಾಕೇಜಿನ ಹೆಸರು 'ನಾಟಿಲಸ್-ಡ್ರಾಪ್‌ಬಾಕ್ಸ್' ಎಂದಿರುತ್ತದೆ.

ಹಂತ 5: ಅಡಗಿದ ಭಾಗಗಳನ್ನು ತೆಗೆಯುವುದು. ಬಹಳ ಮಂದಿ ಹಂತ 4ರಲ್ಲಿಯೇ ಕೆಲಸ ಮುಗಿಯಿತೆಂದು ತಿಳಿಯುತ್ತಾರೆ. ಆದರೆ ಉಬುಂಟುವಿನಲ್ಲಿ ನಾವು ಸ್ಥಾಪಿಸುವ ಪ್ಯಾಕೇಜು ಒಂದು ಚಿಕ್ಕ ಸಹಾಯಕ ಮಾತ್ರ. ಅದು ಮೊದಲ ಸಲ ಆರಂಭವಾದಾಗ ನಿಜವಾದ ತಂತ್ರಾಂಶವನ್ನು ಇಂಟರ್‌ನೆಟ್ಟಿನಿಂದ ಇಳಿಸಿ ಬಳಕೆದಾರರ ಹೋಮ್ ಫೋಲ್ಡರಿನೊಳಗೆ ಇರಿಸುತ್ತದೆ. ಪ್ಯಾಕೇಜು ತೆಗೆಯುವ ವ್ಯವಸ್ಥೆಯು ಬಳಕೆದಾರರ ಹೋಮ್ ಫೋಲ್ಡರನ್ನು ಮುಟ್ಟುವುದಿಲ್ಲ. ಹೀಗಾಗಿ ಸಹಾಯಕ ಹೋದರೂ ಮೂಲ ತಂತ್ರಾಂಶವೂ ಅದರ ನೆನಪೂ ಅಲ್ಲಿಯೇ ಉಳಿಯುತ್ತವೆ.

ಹೋಮ್ ಫೋಲ್ಡರನ್ನು ತೆರೆದು ಕಂಟ್ರೋಲ್ ಕೀಲಿಯೊಡನೆ 'ಹೆಚ್' ಒತ್ತಿದರೆ ಅಡಗಿದ ಫೋಲ್ಡರುಗಳು ಕಾಣುತ್ತವೆ. ಅವುಗಳ ಹೆಸರು ಚುಕ್ಕೆಯಿಂದ ಆರಂಭವಾಗುತ್ತದೆ. ತೆಗೆಯಬೇಕಾದವು ಎರಡು: 'ಚುಕ್ಕೆ ಡ್ರಾಪ್‌ಬಾಕ್ಸ್-ಡಿಸ್ಟ್' (ತಂತ್ರಾಂಶ) ಮತ್ತು 'ಚುಕ್ಕೆ ಡ್ರಾಪ್‌ಬಾಕ್ಸ್' (ನೆನಪು). ಚುಕ್ಕೆಯಿಲ್ಲದ, ದೊಡ್ಡಕ್ಷರದಿಂದ ಆರಂಭವಾಗುವ ಫೋಲ್ಡರ್ ಫೈಲುಗಳದ್ದು. ಹಂತ 3ರಲ್ಲಿ ಅದರ ಹೆಸರು ಬದಲಾಯಿಸಿರುವುದರಿಂದ ಈಗ ಗೊಂದಲಕ್ಕೆ ಎಡೆಯಿಲ್ಲ. ಎರಡೂ ಚುಕ್ಕೆ ಫೋಲ್ಡರುಗಳನ್ನು 'ಟ್ರಾಶ್'ಗೆ ಕಳುಹಿಸಿದರೆ ಸಾಕು. ಶಾಶ್ವತವಾಗಿ ಅಳಿಸುವ ಅವಸರ ಬೇಡ.

ಒಂದೇ ಕಂಪ್ಯೂಟರಿನಲ್ಲಿ ಹಲವು ಬಳಕೆದಾರರ ಖಾತೆಗಳಿದ್ದರೆ, ಈ ಅಡಗಿದ ಫೋಲ್ಡರುಗಳು ಪ್ರತಿಯೊಬ್ಬರ ಹೋಮ್ ಫೋಲ್ಡರಿನಲ್ಲಿಯೂ ಬೇರೆ ಬೇರೆಯಾಗಿ ಇರುತ್ತವೆ. ಡ್ರಾಪ್‌ಬಾಕ್ಸ್ ಬಳಸಿದ ಪ್ರತಿಯೊಬ್ಬರೂ ತಮ್ಮ ಲಾಗಿನ್‌ನಲ್ಲಿ ಹಂತ 1, 2, 3 ಮತ್ತು 5ನ್ನು ಮಾಡಬೇಕು.

ಹಂತ 6: ಉಳಿದ ಎರಡು ಕುರುಹುಗಳು. 'ಸ್ಟಾರ್ಟಪ್ ಅಪ್ಲಿಕೇಶನ್ಸ್' ಪಟ್ಟಿಯಲ್ಲಿ ಡ್ರಾಪ್‌ಬಾಕ್ಸ್ ಹೆಸರಿದ್ದರೆ ತೆಗೆಯಬೇಕು. 'ಸಾಫ್ಟ್‌ವೇರ್ ಆ್ಯಂಡ್ ಅಪ್‌ಡೇಟ್ಸ್'ನ 'ಅದರ್ ಸಾಫ್ಟ್‌ವೇರ್' ಪುಟದಲ್ಲಿ ಡ್ರಾಪ್‌ಬಾಕ್ಸಿನ ವಿಳಾಸ ಉಳಿದಿದ್ದರೆ ಅದನ್ನೂ ತೆಗೆಯಬೇಕು. ಕೊನೆಗೆ ಕಂಪ್ಯೂಟರನ್ನು ಮರಳಿ ಆರಂಭಿಸಬೇಕು.

5. ವಿಂಡೋಸ್ ಬಳಸುವವರಿಗೆ

ಕ್ರಮ ಅದೇ: ನಕಲು, ಸಂಬಂಧ ಕಡಿಯುವುದು, ನಿಲ್ಲಿಸುವುದು, ಹೆಸರು ಬದಲಾಯಿಸುವುದು, ತೆಗೆಯುವುದು, ನೆನಪನ್ನು ಅಳಿಸುವುದು. ತಂತ್ರಾಂಶವನ್ನು 'ಸೆಟ್ಟಿಂಗ್ಸ್'ನ 'ಆಪ್ಸ್' ವಿಭಾಗದಿಂದ ತೆಗೆಯಬಹುದು. ಬಳಿಕ ಫೈಲ್ ಎಕ್ಸ್‌ಪ್ಲೋರರಿನಲ್ಲಿ ಅಡಗಿದವನ್ನು ತೋರಿಸುವ ಆಯ್ಕೆಯನ್ನು ಒತ್ತಿ, ಬಳಕೆದಾರರ ಫೋಲ್ಡರಿನೊಳಗಿನ 'ಆಪ್‌ಡೇಟಾ'ದಲ್ಲಿ 'ಲೋಕಲ್' ಮತ್ತು 'ರೋಮಿಂಗ್' ಎಂಬ ಎರಡು ಕಡೆಗಳಲ್ಲಿಯೂ ಉಳಿದಿರಬಹುದಾದ ಡ್ರಾಪ್‌ಬಾಕ್ಸ್ ಫೋಲ್ಡರುಗಳನ್ನು ಅಳಿಸಬೇಕು.

ವಿಂಡೋಸಿನಲ್ಲಿ ಹೆಚ್ಚಿನ ಎಚ್ಚರ ಬೇಕಾದ ವಿಷಯವೊಂದಿದೆ. ಅಲ್ಲಿ ಕೆಲವು ಫೈಲುಗಳು ಹೆಸರಿಗೆ ಮಾತ್ರ ಕಂಪ್ಯೂಟರಿನಲ್ಲಿರುತ್ತವೆ. ಅವುಗಳ ಪಕ್ಕದಲ್ಲಿ ಮೋಡದ ಚಿಹ್ನೆಯಿರುತ್ತದೆ. ಒಳಗಿನ ವಸ್ತು ಸರ್ವರಿನಲ್ಲಿದೆ, ಇಲ್ಲಿರುವುದು ಖಾಲಿ ಹೊದಿಕೆ. ತಂತ್ರಾಂಶವನ್ನು ತೆಗೆದ ಮೇಲೆ ಈ ಹೊದಿಕೆಗಳು ತೆರೆಯುವುದಿಲ್ಲ. ಆದ್ದರಿಂದ ನಕಲು ಮಾಡುವ ಮುನ್ನ ಫೋಲ್ಡರಿನ ಮೇಲೆ ಬಲಕ್ಲಿಕ್ಕಿಸಿ, ಫೈಲುಗಳು ಇಂಟರ್‌ನೆಟ್ ಇಲ್ಲದಾಗಲೂ ದೊರೆಯುವಂತೆ ಮಾಡುವ ಆಯ್ಕೆಯನ್ನು ಒತ್ತಿ, ಎಲ್ಲವೂ ಇಳಿಯುವವರೆಗೆ ಕಾಯಬೇಕು.

ಒನ್‌ಡ್ರೈವಿನಲ್ಲಿ ಬ್ಯಾಕಪ್ ಆಯ್ಕೆ ಚಾಲನೆಯಲ್ಲಿದ್ದರೆ ಡೆಸ್ಕ್‌ಟಾಪ್ ಮತ್ತು ಡಾಕ್ಯುಮೆಂಟ್ಸ್ ಫೋಲ್ಡರುಗಳೇ ಒನ್‌ಡ್ರೈವ್ ಫೋಲ್ಡರಿನೊಳಗೆ ಸೇರಿರುತ್ತವೆ. ಒನ್‌ಡ್ರೈವ್ ಬೇಡವೆಂದು ಆ ಫೋಲ್ಡರನ್ನು ಅಳಿಸಿದರೆ ಡೆಸ್ಕ್‌ಟಾಪಿನ ಫೈಲುಗಳೂ ಹೋಗುತ್ತವೆ. ಮೊದಲು ಆ ಬ್ಯಾಕಪ್ಪನ್ನು ನಿಲ್ಲಿಸಿ, ಫೈಲುಗಳು ಎಲ್ಲಿವೆ ಎಂದು ಖಚಿತಪಡಿಸಿಕೊಳ್ಳಬೇಕು.

ಗೂಗಲ್ ಡ್ರೈವಿನ ಕಂಪ್ಯೂಟರ್ ತಂತ್ರಾಂಶವನ್ನು 'ಸ್ಟ್ರೀಮ್' ವಿಧಾನದಲ್ಲಿ ಬಳಸುವಾಗ ಒಂದು ಪ್ರತ್ಯೇಕ ಡ್ರೈವ್ ಕಾಣಿಸುತ್ತದೆ. ತಂತ್ರಾಂಶ ಹೋದೊಡನೆ ಆ ಡ್ರೈವೂ ಮರೆಯಾಗುತ್ತದೆ. ಇನ್ನೂ ಮೇಲೇರದ ಫೈಲುಗಳು ಅದರ ಅಡಗಿದ ಕ್ಯಾಶ್ ಫೋಲ್ಡರಿನಲ್ಲಿ ಮಾತ್ರ ಇರುತ್ತವೆ. ಸಿಂಕ್ ಪೂರ್ಣವಾಗದೆ ಆ ಫೋಲ್ಡರನ್ನು ಅಳಿಸಿದರೆ ಅವು ಎಲ್ಲಿಯೂ ಉಳಿಯುವುದಿಲ್ಲ.

6. ಮರುಸ್ಥಾಪನೆ

ತಂತ್ರಾಂಶವನ್ನು ಡ್ರಾಪ್‌ಬಾಕ್ಸಿನ ಅಧಿಕೃತ ಜಾಲತಾಣದಿಂದಲೇ ಇಳಿಸಬೇಕು. ಉಬುಂಟುವಿಗೆ 'ಡೆಬ್' ಮಾದರಿಯ ಫೈಲನ್ನು ಆರಿಸಬೇಕು. ಸ್ಥಾಪನೆಯಾದ ಮೇಲೆ ಅದನ್ನು ತೆರೆದಾಗ ಮೂಲ ತಂತ್ರಾಂಶವನ್ನು ಇಳಿಸಲು ಅನುಮತಿ ಕೇಳುತ್ತದೆ, ಒಪ್ಪಿಗೆ ಕೊಡಬೇಕು. ಬಳಿಕ ಬ್ರೌಸರಿನಲ್ಲಿ ಲಾಗಿನ್ ಆದರೆ ಕಂಪ್ಯೂಟರ್ ಹೊಸದಾಗಿ ಖಾತೆಗೆ ಸೇರುತ್ತದೆ.

ಈಗ ಹಳೆಯ ಫೋಲ್ಡರನ್ನು ಅದೇ ಹೆಸರಿನಲ್ಲಿ ಅದೇ ಸ್ಥಳದಲ್ಲಿ ಬಿಡಬೇಕೇ, ಅಥವಾ ಹೊಸ ಫೋಲ್ಡರಿಗೆ ಎಲ್ಲವನ್ನೂ ಇಳಿಸಬೇಕೇ ಎಂಬ ಪ್ರಶ್ನೆ ಬರುತ್ತದೆ.

ಹಳೆಯ ಫೋಲ್ಡರನ್ನೇ ಕೊಟ್ಟರೆ ತಂತ್ರಾಂಶವು ಎರಡೂ ಕಡೆಗಳ ಫೈಲುಗಳನ್ನು ಹೋಲಿಸುತ್ತದೆ. ಒಂದೇ ಆಗಿರುವುದನ್ನು ಮತ್ತೆ ಇಳಿಸುವುದಿಲ್ಲ. ಇಂಟರ್‌ನೆಟ್ ನಿಧಾನವಿರುವಲ್ಲಿ ಇದು ಅನುಕೂಲ. ಆದರೆ ಎರಡು ಕಡೆಗಳಲ್ಲಿ ಭಿನ್ನವಾಗಿರುವ ಫೈಲಿಗೆ 'ಕಾನ್‌ಫ್ಲಿಕ್ಟೆಡ್ ಕಾಪಿ' ಎಂಬ ಹೆಸರಿನ ಎರಡನೆಯ ಪ್ರತಿ ಹುಟ್ಟಬಹುದು. ಸಹೋದ್ಯೋಗಿಗಳು ಬೇಡವೆಂದು ತೆಗೆದಿದ್ದ ಹಳೆಯ ಪ್ರಶ್ನೆಪತ್ರಿಕೆಗಳೂ ಹೊಸ ಫೈಲುಗಳೆಂಬಂತೆ ಮೇಲೇರಿ ಎಲ್ಲರಿಗೂ ತಲುಪಬಹುದು.

ಹೊಸ ಫೋಲ್ಡರಿಗೆ ಇಳಿಸಿದರೆ ಸರ್ವರಿನಲ್ಲಿ ಇದ್ದುದು ಇದ್ದ ಹಾಗೆ ಬರುತ್ತದೆ. ಸಮಯ ಹೆಚ್ಚು ಬೇಕು, ಗೊಂದಲ ಕಡಿಮೆ. ಹಂಚಿಕೊಂಡ ಫೋಲ್ಡರುಗಳಿರುವ ಖಾತೆಗೆ ಈ ವಿಧಾನವೇ ಸೂಕ್ತ. ಹಂತ 3ರಲ್ಲಿ ಹಳೆಯ ಫೋಲ್ಡರಿನ ಹೆಸರು ಬದಲಾಯಿಸಿದುದು ಈ ಕಾರಣಕ್ಕಾಗಿಯೂ ಹೌದು.

7. ಪರಿಶೀಲನೆ

ಸಿಂಕ್ ಮುಗಿದ ಬಳಿಕ ಹೊಸ ಫೋಲ್ಡರಿನ ಫೈಲುಗಳ ಸಂಖ್ಯೆಯನ್ನು ಬರೆದಿಟ್ಟ ಸಂಖ್ಯೆಯೊಡನೆ ಹೋಲಿಸಬೇಕು. ಡ್ರಾಪ್‌ಬಾಕ್ಸ್ ತನ್ನ ಫೋಲ್ಡರಿನಲ್ಲಿ ಅಡಗಿದ ಕ್ಯಾಶನ್ನು ಇರಿಸಿಕೊಳ್ಳುವುದರಿಂದ ಅಲ್ಪ ವ್ಯತ್ಯಾಸ ಕಂಡರೆ ಗಾಬರಿಯಾಗಬೇಕಿಲ್ಲ. ವ್ಯತ್ಯಾಸ ದೊಡ್ಡದಾಗಿದ್ದರೆ ಒಂದೊಂದೇ ಉಪಫೋಲ್ಡರನ್ನು ಹೋಲಿಸಿ ಕಾಣದ ಫೈಲನ್ನು ಗುರುತಿಸಬೇಕು. ಹಳೆಯ ಪ್ರತಿಯಲ್ಲಿ ಮಾತ್ರ ಇರುವ ಫೈಲುಗಳನ್ನು ಹೊಸ ಫೋಲ್ಡರಿಗೆ ನಕಲು ಮಾಡಬೇಕು. ಹಳೆಯ ಪ್ರತಿಯನ್ನು ಕನಿಷ್ಠ ಒಂದು ತಿಂಗಳು ಉಳಿಸಿಕೊಳ್ಳಬೇಕು.

ಕನ್ನಡ ಫೈಲುಗಳಲ್ಲಿ ಮೂರು ವಿಷಯಗಳನ್ನು ವಿಶೇಷವಾಗಿ ಗಮನಿಸಬೇಕು.

ಹೆಸರಿನ ಉದ್ದ: ಉಬುಂಟುವಿನಲ್ಲಿ ಒಂದು ಫೈಲಿನ ಹೆಸರು 255 ಬೈಟುಗಳನ್ನು ಮೀರುವಂತಿಲ್ಲ. ಇಂಗ್ಲಿಷಿನ ಒಂದು ಅಕ್ಷರಕ್ಕೆ ಒಂದು ಬೈಟು ಸಾಕು. ಯೂನಿಕೋಡಿನಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೆ ಮೂರು ಬೈಟು ಬೇಕು. ಗುಣಿತದ ಗುರುತೂ ಅರ್ಧಾಕ್ಷರದ ಗುರುತೂ ಬೇರೆ ಬೇರೆ ಚಿಹ್ನೆಗಳೇ. 'ಕಾಸರಗೋಡು' ಎಂಬಲ್ಲಿ ಕಾಣುವ ಅಕ್ಷರ 5, ಚಿಹ್ನೆ 8, ಬೈಟು 24. ಹೀಗೆ ಕನ್ನಡ ಹೆಸರಿಗೆ ದೊರೆಯುವುದು ಸುಮಾರು 85 ಚಿಹ್ನೆಗಳು ಮಾತ್ರ. ವಿಂಡೋಸಿನ ಲೆಕ್ಕ ಬೇರೆಯಾದ್ದರಿಂದ ಅಲ್ಲಿ ಒಪ್ಪಿಗೆಯಾದ ಉದ್ದ ಹೆಸರು ಇಲ್ಲಿ ಇಳಿಯದಿರಬಹುದು. ಕಾಣದ ಫೈಲನ್ನು ಜಾಲತಾಣದಲ್ಲಿ ಹುಡುಕಿ, ಹೆಸರನ್ನು ಚಿಕ್ಕದಾಗಿಸಿದರೆ ಅದು ಇಳಿದು ಬರುತ್ತದೆ. ತರಗತಿ, ವಿಷಯ, ವರ್ಷ ಇಷ್ಟನ್ನು ಹೆಸರಿನಲ್ಲಿಟ್ಟು ಉಳಿದುದನ್ನು ಫೋಲ್ಡರುಗಳಾಗಿ ವಿಂಗಡಿಸುವುದು ಒಳ್ಳೆಯ ರೂಢಿ.

ಹಳೆಯ ಅಕ್ಷರಶೈಲಿ: ಯೂನಿಕೋಡಿಗೆ ಮುನ್ನಿನ ನುಡಿ ಅಥವಾ ಬರಹ ಅಕ್ಷರಶೈಲಿಯಲ್ಲಿ ಟೈಪಿಸಿದ ಫೈಲುಗಳನ್ನು ಆ ಶೈಲಿಯಿಲ್ಲದ ಕಂಪ್ಯೂಟರಿನಲ್ಲಿ ತೆರೆದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಕಾಣಿಸುತ್ತವೆ. ಮರುಸ್ಥಾಪನೆಯಿಂದ ಫೈಲು ಕೆಟ್ಟಿತೆಂದು ಭಾವಿಸಿ ಅಳಿಸಬಾರದು. ಫೈಲು ಸರಿಯಾಗಿಯೇ ಇದೆ. ಅಕ್ಷರಶೈಲಿಯನ್ನು ಹಾಕಿದರೆ ಓದಬಹುದು. ಅನುಕೂಲವಾದಾಗ ಅವನ್ನು ಯೂನಿಕೋಡಿಗೆ ಪರಿವರ್ತಿಸಿಡುವುದು ಉತ್ತಮ.

ಅವಳಿ ಹೆಸರು: ಕಣ್ಣಿಗೆ ಒಂದೇ ಆಗಿ ಕಾಣುವ ಎರಡು ಕನ್ನಡ ಹೆಸರುಗಳಲ್ಲಿ ಒಂದರೊಳಗೆ ಅಕ್ಷರಗಳನ್ನು ಬಿಡಿಸುವ ಅದೃಶ್ಯ ಚಿಹ್ನೆ ಇರಬಹುದು. ಯಂತ್ರಕ್ಕೆ ಅವು ಎರಡು ಫೈಲುಗಳು. ಎರಡನ್ನೂ ತೆರೆದು ನೋಡದೆ ಒಂದನ್ನು ಅಳಿಸಬಾರದು.

8. ತರಗತಿ ಚಟುವಟಿಕೆ: ಓಲೆಕಾರ

ಈ ಚಟುವಟಿಕೆಗೆ ಕಂಪ್ಯೂಟರ್ ಬೇಕಾಗಿಲ್ಲ. ಐವರು ವಿದ್ಯಾರ್ಥಿಗಳನ್ನು ಕರೆಯಬೇಕು. ಒಬ್ಬರು 'ಸರ್ವರ್', ಇಬ್ಬರು 'ಕಂಪ್ಯೂಟರುಗಳು', ಇನ್ನಿಬ್ಬರು ಪ್ರತಿ ಕಂಪ್ಯೂಟರಿನ ಬಳಿಯಿರುವ 'ಓಲೆಕಾರರು'. ಸರ್ವರಿಗೂ ಎರಡು ಕಂಪ್ಯೂಟರುಗಳಿಗೂ ಪದ್ಯ, ಗಣಿತ, ನಕ್ಷೆ ಎಂದು ಬರೆದ ಮೂರು ಮೂರು ಚೀಟಿಗಳನ್ನು ಕೊಡಬೇಕು.

ಮೊದಲ ಸುತ್ತು: ಮೊದಲ ಕಂಪ್ಯೂಟರ್ 'ಗಣಿತ' ಚೀಟಿಯನ್ನು ಹರಿಯುತ್ತದೆ. ಅದರ ಓಲೆಕಾರನು ಸರ್ವರಿಗೆ ಸುದ್ದಿ ಒಯ್ಯುತ್ತಾನೆ. ಸರ್ವರ್ ತನ್ನದನ್ನು ಪಕ್ಕಕ್ಕಿಟ್ಟು ಎರಡನೆಯ ಓಲೆಕಾರನಿಗೆ ಹೇಳುತ್ತದೆ. ಎರಡನೆಯ ಕಂಪ್ಯೂಟರೂ ತನ್ನ ಚೀಟಿಯನ್ನು ಹರಿಯುತ್ತದೆ.

ಎರಡನೆಯ ಸುತ್ತು: ಮೊದಲ ಓಲೆಕಾರನು ಕಣ್ಣು ಮುಚ್ಚಿ ಕುಳಿತಿರುವಾಗ 'ನಕ್ಷೆ' ಚೀಟಿಯನ್ನು ಹರಿಯಬೇಕು. ಕಣ್ಣು ತೆರೆದೊಡನೆ ಅವನು ವ್ಯತ್ಯಾಸ ಕಂಡು ಸುದ್ದಿ ಒಯ್ಯುತ್ತಾನೆ.

ಮೂರನೆಯ ಸುತ್ತು: ಓಲೆಕಾರನ ಹೆಸರನ್ನು ಸರ್ವರಿನ ಪಟ್ಟಿಯಿಂದ ಹೊಡೆದು, ಅವನನ್ನು ಸ್ವಸ್ಥಾನಕ್ಕೆ ಕಳುಹಿಸಿ, ಬಳಿಕ 'ಪದ್ಯ' ಚೀಟಿಯನ್ನು ಹರಿಯಬೇಕು. ಉಳಿದವರ ಚೀಟಿಗಳು ಹಾಗೆಯೇ ಇರುತ್ತವೆ.

ಮೂರು ಸುತ್ತುಗಳ ವ್ಯತ್ಯಾಸವನ್ನು ವಿದ್ಯಾರ್ಥಿಗಳೇ ಹೇಳಲಿ. ಸರ್ವರ್ ಪಕ್ಕಕ್ಕಿಟ್ಟ ಚೀಟಿಯನ್ನು ತೋರಿಸಿ, 30 ದಿನಗಳ ಅವಧಿಯ ಕುರಿತು ಆಗ ತಿಳಿಸಬಹುದು. ಎರಡನೆಯ ಪಿರಿಯಡಿನಲ್ಲಿ ಪ್ರಯೋಗಕ್ಕೆಂದೇ ತೆರೆದ ಖಾತೆಯೊಂದರಲ್ಲಿ ವಿಭಾಗ 4 ಮತ್ತು 6ರ ಹಂತಗಳನ್ನು ಅಧ್ಯಾಪಕರು ಮಾಡಿ ತೋರಿಸಬೇಕು. ಯಾರದೇ ನಿಜವಾದ ಖಾತೆಯನ್ನು ಪ್ರಾತ್ಯಕ್ಷಿಕೆಗೆ ಬಳಸಬಾರದು.

9. ಮೌಲ್ಯಮಾಪನ

1. 'ತಂತ್ರಾಂಶವನ್ನು ತೆಗೆದಿದ್ದೇನೆ, ಆದರೂ ಮತ್ತೆ ಹಾಕಿದಾಗ ಹಳೆಯ ದೋಷವೇ ಬರುತ್ತಿದೆ.' ಇದಕ್ಕೆ ಸಂಭಾವ್ಯ ಕಾರಣವೇನು?
2. ತಂತ್ರಾಂಶವನ್ನು ನಿಲ್ಲಿಸುವುದಕ್ಕೂ ಖಾತೆಯ ಸಂಬಂಧ ಕಡಿಯುವುದಕ್ಕೂ ಇರುವ ವ್ಯತ್ಯಾಸವನ್ನು ಉದಾಹರಣೆಯೊಡನೆ ಬರೆಯಿರಿ.
3. ಹೆಸರು ಬದಲಾಯಿಸುವುದು, ನಕಲು ಮಾಡುವುದು, ಪ್ಯಾಕೇಜು ತೆಗೆಯುವುದು, ಸಂಬಂಧ ಕಡಿಯುವುದು, ಅಡಗಿದ ಫೋಲ್ಡರುಗಳನ್ನು ತೆಗೆಯುವುದು, ನಿಲ್ಲಿಸುವುದು: ಇವನ್ನು ಸರಿಯಾದ ಕ್ರಮದಲ್ಲಿ ಬರೆದು, ಆ ಕ್ರಮಕ್ಕೆ ಕಾರಣ ಕೊಡಿ.
4. ನಿಮ್ಮ ಶಾಲೆಯ ಹೆಸರನ್ನು ಕನ್ನಡದಲ್ಲಿ ಬರೆದು, ಅದರಲ್ಲಿರುವ ಚಿಹ್ನೆಗಳನ್ನು ಎಣಿಸಿ, ಎಷ್ಟು ಬೈಟುಗಳಾಗುತ್ತವೆ ಎಂದು ಲೆಕ್ಕ ಹಾಕಿರಿ.
5. ವರ್ಗಾವಣೆಯಾಗಿ ಹೋಗುವ ಅಧ್ಯಾಪಕರು ಶಾಲೆಯ ಕಂಪ್ಯೂಟರಿನಲ್ಲಿ ಮಾಡಿ ಹೋಗಬೇಕಾದ ಕೆಲಸಗಳ ಪಟ್ಟಿಯೊಂದನ್ನು ಗುಂಪಿನಲ್ಲಿ ಚರ್ಚಿಸಿ ತಯಾರಿಸಿರಿ.

ಐದನೆಯ ಪ್ರಶ್ನೆಗೆ ವಿದ್ಯಾರ್ಥಿಗಳು ಸಿದ್ಧಪಡಿಸಿದ ಪಟ್ಟಿಯನ್ನು ಅಧ್ಯಾಪಕರು ಪರಿಶೀಲಿಸಿ, ತಿದ್ದಿ, ಕಂಪ್ಯೂಟರ್ ಪ್ರಯೋಗಾಲಯದ ಗೋಡೆಯ ಮೇಲೆ ಅಂಟಿಸಬೇಕು. ವರ್ಗಾವಣೆಯ ಸಮಯದಲ್ಲಿ ಬೀಗದ ಕೈ ಮತ್ತು ದಾಖಲೆ ಪುಸ್ತಕಗಳನ್ನು ಒಪ್ಪಿಸುವಂತೆಯೇ ಈ ಪಟ್ಟಿಯನ್ನೂ ಪೂರೈಸಿ ಹೋಗುವ ರೂಢಿ ಬೆಳೆದರೆ, ಹಲವು ವರ್ಷಗಳ ಕನ್ನಡ ಕಲಿಕಾ ಸಾಮಗ್ರಿ ಒಂದು ಕ್ಲಿಕ್ಕಿಗೆ ಕಳೆದುಹೋಗುವುದನ್ನು ತಡೆಯಬಹುದು.